ಚಿಕ್ಕ ಗೇಮಿಂಗ್ ಸೈಟ್‌ಗಳಿಗೆ ರಿವ್ಯೂ ಕಾಪಿ ತಡವಾಗಿ ಸಿಗುವುದು ಯಾಕೆ?

ರಿವ್ಯೂ ಕಾಪಿ ಅಂದರೆ ವಿಮರ್ಶೆ ಬರೆಯಲೆಂದು ಕಂಪನಿ ಕೊಡುವ ಗೇಮ್. ಈಗ ಅದು ಹೆಚ್ಚಾಗಿ ಡಿಸ್ಕ್ ಅಲ್ಲ, ಗೇಮ್ ಡೌನ್‌ಲೋಡ್ ಮಾಡಿಕೊಳ್ಳಲು ಇಮೇಲ್‌ನಲ್ಲಿ ಬರುವ ಒಂದು ಕೋಡ್. ಬಿಡುಗಡೆಗೆ ಮುಂಚೆ ಕಂಪನಿಗಳು ಅದನ್ನು ಕೆಲವರಿಗಷ್ಟೇ ಕೊಡುತ್ತವೆ. ಓದುಗರು ಜಾಸ್ತಿ ಇರುವ ಸೈಟ್, ದೊಡ್ಡ ಯೂಟ್ಯೂಬರ್ ಮೊದಲು, ಉಳಿದವರು ಕಾಯಬೇಕು. ಸುಳ್ಳು ಸೈಟ್ ಹೆಸರಲ್ಲಿ ಕೋಡ್ ಕೇಳಿ ಪಡೆದು ಮಾರಿಕೊಳ್ಳುವವರೂ ಇದ್ದಾರೆ. ಹಾಗಾಗಿ ಗೊತ್ತಿಲ್ಲದ ಹೆಸರು ಕಂಡರೆ ಕಂಪನಿಯ ಪ್ರಚಾರ ನೋಡಿಕೊಳ್ಳುವ ಪಿಆರ್‌ನವರು ಹಿಂದೆಮುಂದೆ ನೋಡುತ್ತಾರೆ. ಅದು ತಪ್ಪು ಅಂತ ನಾನು ಹೇಳಲ್ಲ.

ಪೆಟ್ಟು ಬೀಳುವುದು ಎಂಬಾರ್ಗೊ, ಅಂದರೆ ಇಂಥ ಹೊತ್ತಿನ ತನಕ ವಿಮರ್ಶೆ ಹಾಕಬಾರದು ಅನ್ನುವ ಷರತ್ತು, ಮುಗಿಯುವ ಹೊತ್ತಿಗೆ. ಆ ನಿಮಿಷಕ್ಕೇ ದೊಡ್ಡವರ ವಿಮರ್ಶೆ ಬಂದಿರುತ್ತದೆ. ಚಿಕ್ಕವರು ಇನ್ನೂ ಡೌನ್‌ಲೋಡ್ ಎಷ್ಟು ಪರ್ಸೆಂಟ್ ಆಯಿತು ಅಂತ ನೋಡುತ್ತಾ ಕೂತಿರುತ್ತಾರೆ. 40 ಗಂಟೆಯ ಗೇಮ್ ಆಡಿ ಬರೆಯುವಷ್ಟರಲ್ಲಿ ಗೂಗಲ್‌ನಲ್ಲಿ ಹುಡುಕುವವರೇ ಕಮ್ಮಿಯಾಗಿರುತ್ತಾರೆ.

ಕೆಲವು ಸಲ ಎಲ್ಲರನ್ನೂ ಕಾಯಿಸುತ್ತಾರೆ. 2016ರ ಅಕ್ಟೋಬರ್‌ನಲ್ಲಿ ಬೆಥೆಸ್ಡಾ ಅನ್ನುವ ಗೇಮ್ ಕಂಪನಿ, ಬಿಡುಗಡೆಗೆ ಒಂದೇ ದಿನ ಮುಂಚೆ ಕಾಪಿ ಕೊಡುತ್ತೇವೆ ಎಂದು ಬಹಿರಂಗವಾಗಿಯೇ ಹೇಳಿತು. 2020ರ ಡಿಸೆಂಬರ್‌ನಲ್ಲಿ ಬಂದ ಸೈಬರ್‌ಪಂಕ್ 2077 ಗೇಮ್‌ನ ವಿಷಯದಲ್ಲಿ ಆಗಿದ್ದು ಇನ್ನೂ ಕೆಟ್ಟದ್ದು. ವಿಮರ್ಶಕರಿಗೆ ಮೊದಲು ಸಿಕ್ಕಿದ್ದು ಪಿಸಿ ಆವೃತ್ತಿ ಮಾತ್ರ. ಸೋನಿಯ ಗೇಮ್ ಕನ್ಸೋಲ್ ಪಿಎಸ್4ನಲ್ಲಿ ಅದು ಹೇಗೆ ತಡವರಿಸುತ್ತದೆ ಅನ್ನೋದು ಜನ ದುಡ್ಡು ಕೊಟ್ಟ ಮೇಲೇ ಗೊತ್ತಾಗಿದ್ದು. ಅದೇ ತಿಂಗಳು ಸೋನಿ ಅದನ್ನು ತನ್ನ ಸ್ಟೋರ್‌ನಿಂದ ತೆಗೆದು, ಕೇಳಿದವರಿಗೆ ಹಣ ವಾಪಸ್ ಕೊಟ್ಟಿತು.

ನಿಮ್ಮದು ಹೊಸ ಸೈಟಾ? ದೊಡ್ಡ ಕಂಪನಿಗಳ ಹಿಂದೆ ಸುಮ್ನೆ ಅಲೆಯಬೇಡಿ. ಸ್ವಂತವಾಗಿ ಗೇಮ್ ಮಾಡುವ ಚಿಕ್ಕ ತಂಡಗಳಿಗೆ, ಅಂದರೆ ಇಂಡೀ ಡೆವಲಪರ್‌ಗಳಿಗೆ ನೇರವಾಗಿ, ನಿಮ್ಮ ಸೈಟ್‌ನದೇ ಇಮೇಲ್ ವಿಳಾಸದಿಂದ, ಹಳೆಯ ವಿಮರ್ಶೆಗಳ ಲಿಂಕ್ ಹಾಕಿ ಬರೆಯಿರಿ. ಜಿಮೇಲ್‌ನಿಂದ ಬರೆದರೆ ನಂಬಿಕೆ ಸ್ವಲ್ಪ ಕಷ್ಟ.