ಗೋಳಗುಮ್ಮಟ ಕಟ್ಟಿದ್ರೂ ಮಂದಿ ಯಾಕ ಬರವಲ್ಲರು?

ಆನ್‌ಲೈನ್ 3ಡಿ ಲೋಕ ಆಗಿರೋ ಸೆಕೆಂಡ್ ಲೈಫ್‌ನ್ಯಾಗ ಗೋಳಗುಮ್ಮಟ ಕಟ್ಟೇವಿ, ಮೊದಲಿಗೆ ಬಂದ ಮಂದಿ ಈಗ ಬರವಲ್ಲರು ಅಂತ ವಿಜಯಪುರದಿಂದ ಕೇಳೀರಿ. ಕಟ್ಟಡದ ತಪ್ಪಲ್ರೀ ಅದು. 2006-07ರಾಗ ದೊಡ್ಡ ದೊಡ್ಡ ಕಂಪನಿಗಳೂ ಅಲ್ಲಿ ಅಂಗಡಿ ತೆರೆದು, ಮಂದಿ ಬರದ ಮುಚ್ಚಿದ್ವು. ಕಟ್ಟಡ ಒಮ್ಮೆ ನೋಡಿದ್ರ ಮುಗೀತು, ಮತ್ತ ಬರೋದು ಮಾತಾಡಾಕ ಯಾರರ ಇದ್ರ ಅಷ್ಟ.

ಒಂದು ರೀಜನ್, ಅಂದ್ರ ಅಲ್ಲಿನ ನೆಲದ ಒಂದು ತುಂಡು, 256×256 ಮೀಟರ್. ಆದ್ರ ಟೈಪ್ ಮಾಡಿದ ಚಾಟ್ ಮುಟ್ಟೋದು ಬರೇ 20 ಮೀಟರ್. ಅಸಲಿ ಗುಮ್ಮಟದಾಗ ಪಿಸುಮಾತು ಆಚೆ ಬದಿಗೆ ಕೇಳ್ತದ, ನಿಮ್ಮದ್ರಾಗ ಎದುರು ಗೋಡೆಗೆ ನಿಂತವಗ ನೀವು ಬರೆದ ಚಾಟ್ ಕಾಣಂಗಿಲ್ಲ. ಬಂದವರು ಇಳಿಯೋ ಜಾಗ, ಕೂಡೋ ಜಾಗ ಎರಡೂ 20 ಮೀಟರ್ ಒಳಗ ಇಡ್ರಿ. ವಾರಕ್ಕ ಒಂದ ತಾಸು ಗೊತ್ತು ಮಾಡ್ರಿ, ವಚನ ಗಾಯನವೋ ರಸಪ್ರಶ್ನೆಯೋ ಇರ್ಲಿ, ನಿಮ್ಮವರೊಬ್ಬರು ತಪ್ಪದ ಇರಬೇಕು. ಹಳೇ ಲ್ಯಾಪ್‌ಟಾಪ್‌ನವರಿಗೆ ಡ್ರಾ ಡಿಸ್ಟೆನ್ಸ್ (ಎಷ್ಟು ದೂರದ ತನಕ ತೆರೆ ಮ್ಯಾಲ ಕಾಣಬೇಕು ಅನ್ನೋ ಸೆಟ್ಟಿಂಗ್) 64 ಮೀಟರ್‌ಗೆ ಇಳಿಸಾಕ ಹೇಳ್ರಿ, ಇಲ್ಲಂದ್ರ ಚಿತ್ರ ಅಲ್ಲಲ್ಲೇ ನಿಂತು ನಿಂತು, ಅವರು ಬ್ಯಾಸತ್ತು ಹೋಗ್ತಾರ.