ಅತಿಥಿ ಬರುವ ಮೊದಲು ಆ ಮನೆಯಲ್ಲಿ ನೀವೇ ಒಂದು ರಾತ್ರಿ ಮಲಗಿ

ಪ್ರಶ್ನೆ: ನಮ್ಮದೊಂದು ಎರಡು ಕೋಣೆಯ ಮನೆ ಖಾಲಿ ಇದೆ. ವರ್ಷಕ್ಕೆ ಎರಡು ಮೂರು ವಾರ ಮಾತ್ರ ನಾವು ಅಲ್ಲಿರುತ್ತೇವೆ. ಉಳಿದ ದಿನ ರಜೆಗೆ ಬರುವವರಿಗೆ ಬಾಡಿಗೆಗೆ ಕೊಡೋಣ ಅಂತಿದ್ದೇವೆ. ಕೈಯಲ್ಲಿ ಹಣ ಜಾಸ್ತಿ ಇಲ್ಲ. ಬಣ್ಣ, ಪರದೆ, ಸೋಫಾ, ಇವುಗಳಲ್ಲಿ ಯಾವುದರಿಂದ ಶುರು ಮಾಡಲಿ?

ಉತ್ತರ: ಸದ್ಯಕ್ಕೆ ಮೂರೂ ಬೇಡ. ಮೊದಲು ಒಂದು ಚೀಲದಲ್ಲಿ ಎರಡು ಜೊತೆ ಬಟ್ಟೆ ಹಾಕಿಕೊಂಡು, ಕತ್ತಲಾದ ಮೇಲೆ ಆ ಮನೆಗೆ ಹೋಗಿ. ಅತಿಥಿಗಳು ಹಾಗೇ ಬರುತ್ತಾರೆ, ದಣಿದು, ಕತ್ತಲಲ್ಲಿ. ಬೀಗದ ರಂಧ್ರ ಕಾಣುತ್ತದೆಯೇ? ಒಳಗೆ ಕಾಲಿಟ್ಟ ಕೂಡಲೇ ಸ್ವಿಚ್ ಕೈಗೆ ಸಿಗುತ್ತದೆಯೇ? ಅತಿಥಿಗಳಿಗೆ ಎಂದಿಟ್ಟಿರುವ ಹಾಸಿಗೆಯಲ್ಲೇ ಮಲಗಿ. ಮಲಗಿದಲ್ಲಿಂದಲೇ ದೀಪ ಆರಿಸಲು ಆಗುತ್ತದೆಯೇ, ಫೋನ್ ಚಾರ್ಜಿಗೆ ಹಾಕಲು ಪಕ್ಕದಲ್ಲಿ ಪಾಯಿಂಟ್ ಇದೆಯೇ ನೋಡಿ. ಬೆಳಿಗ್ಗೆ ಇಬ್ಬರು ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿ. ಎರಡನೆಯವರಿಗೂ ಬಿಸಿನೀರು ಬಂತಾ? ಒದ್ದೆ ಟವೆಲ್ ಎಲ್ಲಿ ಹಾಕಿದಿರಿ? ಸೋಪು ಇಡಲು ಜಾಗ ಇತ್ತಾ? ಸ್ವಂತ ಮನೆಯಲ್ಲಿ ಇಂಥ ಕೊರತೆ ನಮಗೆ ಅಭ್ಯಾಸವಾಗಿ ಕಣ್ಣಿಗೇ ಬೀಳುವುದಿಲ್ಲ. ಅಡ್ಡಿಯಾದದ್ದನ್ನೆಲ್ಲ ಅಲ್ಲೇ ಬರೆದಿಟ್ಟುಕೊಳ್ಳಿ. ಆ ಪಟ್ಟಿಯೇ ನಿಮ್ಮ ಖರ್ಚಿನ ಪಟ್ಟಿ. ನನ್ನ ಅನುಭವದಲ್ಲಿ ಹಾಸಿಗೆ ಮತ್ತು ಬಿಸಿನೀರು ಯಾವಾಗಲೂ ಮೇಲೆ ಇರುತ್ತವೆ. ಸೋಫಾ ಎಲ್ಲೋ ಕೊನೆಗೆ.

ಸುರಕ್ಷತೆಯಲ್ಲಿ ಮಾತ್ರ ದಯವಿಟ್ಟು ಉಳಿತಾಯ ನೋಡಬೇಡಿ. ಕರೆಂಟ್ ಸೋರಿದರೆ ತಾನೇ ಆಫ್ ಆಗುವ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಮೇನ್ ಬೋರ್ಡಿನಲ್ಲಿ ಇರಲಿ. ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ. ಮಲಗುವ ಕೋಣೆಗಳ ಹತ್ತಿರ ಹೊಗೆ ಅಲಾರಂ ಹಾಕಿಸಿ. ತಿಂಗಳಿಗೊಮ್ಮೆ ಪರೀಕ್ಷಿಸಿ, 10 ವರ್ಷಕ್ಕೆ ಬದಲಿಸಿ. ಗ್ಯಾಸ್ ಗೀಸರ್ ಸ್ನಾನದ ಕೋಣೆಯ ಒಳಗೇ ಇದ್ದರೆ ಮೊದಲು ಅದನ್ನು ಹೊರಗೆ ಹಾಕಿಸಿ. ಅದರಿಂದ ಹೊಮ್ಮಬಹುದಾದ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಹಾಕಿಕೊಂಡು ಸ್ನಾನ ಮಾಡುವವರಿಗೆ ಗೊತ್ತಾಗುವಷ್ಟರಲ್ಲಿ ಪ್ರಜ್ಞೆ ತಪ್ಪಿರುತ್ತದೆ. ಗ್ಯಾಸ್ ಉರಿಯುವ ಮನೆಯಲ್ಲಿ ಇದಕ್ಕೂ ಒಂದು ಅಲಾರಂ ಬೇಕು.

ಇನ್ನೊಂದು ಮಾತು. ಮನೆಗೆ ವಿಮೆ ಇದೆ ಎಂದು ನಿಶ್ಚಿಂತೆಯಿಂದ ಇರಬೇಡಿ. ಸಾಮಾನ್ಯ ಗೃಹವಿಮೆ ಎಷ್ಟೋ ಸಲ ಬಾಡಿಗೆ ಅತಿಥಿಗಳಿಂದಾದ ಹಾನಿಗೆ ಅನ್ವಯಿಸುವುದಿಲ್ಲ. ವಿಮಾ ಕಂಪನಿಯಿಂದ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಸ್ಥಳೀಯ ಆಡಳಿತದ ನೋಂದಣಿ ಬೇಕೇ ಎಂಬುದನ್ನೂ ಆಗಲೇ ವಿಚಾರಿಸಿ.

ಪ್ರಶ್ನೆ: ಸೀಸನ್ ಮುಗಿದ ಮೇಲೆ ಮೂರು ತಿಂಗಳು ಮನೆ ಮುಚ್ಚಿರುತ್ತದೆ. ತೆರೆದಾಗ ಕೆಟ್ಟ ವಾಸನೆ. ಎಷ್ಟು ಸ್ಪ್ರೇ ಹೊಡೆದರೂ ಹೋಗುವುದಿಲ್ಲ. ಏನು ಮಾಡಲಿ?

ಉತ್ತರ: ಸ್ಪ್ರೇ ಪಕ್ಕಕ್ಕಿಡಿ. ಮೊದಲು ಅದು ಯಾವ ವಾಸನೆ ಅಂತ ಗುರುತಿಸಬೇಕು.

ಚರಂಡಿ ವಾಸನೆಯಾದರೆ ಕಾರಣ ಸರಳ. ಸಿಂಕಿನ ಕೆಳಗೆ, ಸ್ನಾನದ ಕೋಣೆಯ ಜಾಲರಿಯ ಕೆಳಗೆ ಪೈಪ್ ಬಾಗಿರುತ್ತದೆ. ಆ ಬಾಗಿನಲ್ಲಿ ಸ್ವಲ್ಪ ನೀರು ಸದಾ ನಿಂತಿದ್ದು, ಚರಂಡಿಯ ಗಾಳಿ ಮೇಲೆ ಬರದಂತೆ ತಡೆಯುತ್ತದೆ. ವಾರಗಟ್ಟಲೆ ಬಳಸದಿದ್ದರೆ ಆ ನೀರು ಆರಿಹೋಗುತ್ತದೆ. ಪ್ರತಿಯೊಂದಕ್ಕೂ ಒಂದೊಂದು ಚೊಂಬು ನೀರು ಹಾಕಿ, ಅಷ್ಟೇ. ಮುಚ್ಚಿ ಹೋಗುವಾಗ ನೀರಿನ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ಬೇಗ ಆರುವುದಿಲ್ಲ.

ಮುಗ್ಗಲು ವಾಸನೆಯಾದರೆ ಅದು ಬೂಸ್ಟು. ಗಾಳಿಯ ತೇವ ಶೇ 60 ದಾಟದಂತೆ ನೋಡಿಕೊಂಡರೆ ಬೂಸ್ಟು ಹಿಡಿಯುವುದು ಬಹಳ ಕಡಿಮೆಯಾಗುತ್ತದೆ. ಕಪಾಟುಗಳ ಬಾಗಿಲು ತೆರೆದಿಡಿ. ಅವನ್ನೂ ಹಾಸಿಗೆಯನ್ನೂ ಗೋಡೆಯಿಂದ ಒಂದು ಗೇಣು ಸರಿಸಿ. ಫ್ರಿಜ್ ಆಫ್ ಮಾಡಿ, ಒರೆಸಿ, ಬಾಗಿಲು ಅರೆ ತೆರೆದು ಹೋಗಿ. ಹತ್ತು ಹದಿನೈದು ದಿನಕ್ಕೊಮ್ಮೆ ಯಾರಾದರೂ ಬಂದು ಕಿಟಕಿ ತೆಗೆಯುವ ವ್ಯವಸ್ಥೆ ಮಾಡಿ. ಗೋಡೆಯ ಒಂದೇ ಜಾಗದಲ್ಲಿ ಬೂಸ್ಟು ಮತ್ತೆ ಮತ್ತೆ ಬಂದರೆ ಅಲ್ಲಿ ನೀರು ಸೋರುತ್ತಿದೆ ಎಂದೇ ಲೆಕ್ಕ. ಬಣ್ಣ ಹೊಡೆದು ಮುಚ್ಚಬೇಡಿ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ನಿಂತ ನೀರು. ಪೈಪು, ಗೀಸರ್, ಶವರಿನಲ್ಲಿ ತಿಂಗಳುಗಟ್ಟಲೆ ನಿಂತ ನೀರಿನಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. 1976ರಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಸಮಾವೇಶಕ್ಕೆ ಸೇರಿದ್ದವರಲ್ಲಿ ಹಲವರು ಒಂದು ಬಗೆಯ ನ್ಯುಮೋನಿಯಾಕ್ಕೆ ಬಲಿಯಾದ ಮೇಲೆ ಇದು ಪತ್ತೆಯಾಯಿತು. ಇದಕ್ಕೆ ಹಿಡಿಸುವ ಬಿಸಿ 20ರಿಂದ 45 ಡಿಗ್ರಿ ಸೆಲ್ಸಿಯಸ್. ಸಣ್ಣ ಹನಿಗಳು ಉಸಿರಿನ ಜೊತೆ ಒಳಗೆ ಹೋದಾಗ ಕಾಯಿಲೆ ಬರುತ್ತದೆ. ವಯಸ್ಸಾದವರಿಗೆ ಅಪಾಯ ಜಾಸ್ತಿ. ಹಾಗಾಗಿ ಅತಿಥಿಗಳು ಬರುವ ಮುನ್ನ ಗೀಸರ್ ನೀರನ್ನು 60 ಡಿಗ್ರಿಗೆ ಕಾಯಿಸಿ, ಕಿಟಕಿ ತೆಗೆದು, ಎಲ್ಲ ನಲ್ಲಿಗಳನ್ನೂ ಕೆಲವು ನಿಮಿಷ ಹರಿಯಬಿಡಿ. ಶವರಿನ ತಲೆ ಬಿಚ್ಚಿ ನೀರು ಬಿಡಿ, ಹನಿ ಚಿಮ್ಮುವುದಿಲ್ಲ. ಬಿಚ್ಚಿದ್ದನ್ನು ಉಜ್ಜಿ ತೊಳೆದು ಮತ್ತೆ ಹಾಕಿ. ಆ ಬಿಸಿನೀರು ಕೈ ಸುಡುತ್ತದೆ, ಮಕ್ಕಳನ್ನು ದೂರ ಇಡಿ.

ಪ್ರಶ್ನೆ: ಬೆಡ್‌ಶೀಟ್ ಬಿಳಿಯದೇ ಇರಬೇಕಾ? ಎಷ್ಟು ಬೇಕು?

ಉತ್ತರ: ಬಿಳಿಯೇ ಒಳ್ಳೆಯದು. ಕಲೆ ತಕ್ಷಣ ಕಾಣುತ್ತದೆ, ಬ್ಲೀಚ್ ಮಾಡಬಹುದು, ಒಂದು ಹರಿದರೆ ಅದಕ್ಕೆ ಜೋಡಿ ಸುಲಭವಾಗಿ ಸಿಗುತ್ತದೆ. ಪ್ರತಿ ಹಾಸಿಗೆಗೆ ಮೂರು ಜೊತೆ ಇಡಿ: ಒಂದು ಹಾಸಿಗೆ ಮೇಲೆ, ಒಂದು ಒಗೆಯಲು, ಒಂದು ಕಪಾಟಿನಲ್ಲಿ. ಟವೆಲ್‌ಗೆ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ. ಹಾಕಿದರೆ ಟವೆಲ್ ನೀರು ಹೀರುವುದೇ ಕಡಿಮೆಯಾಗುತ್ತದೆ.

ಪ್ರಶ್ನೆ: ಅತಿಥಿಯೊಬ್ಬರು ‘ತಿಗಣೆ ಕಚ್ಚಿತು’ ಎಂದು ದೂರಿದರು. ನಮ್ಮ ಮನೆಯಲ್ಲಿ ತಿಗಣೆ ಇಲ್ಲವೇ ಇಲ್ಲ. ಏನು ಹೇಳಲಿ?

ಉತ್ತರ: ‘ಇಲ್ಲ’ ಎಂದು ಮಾತ್ರ ಹೇಳಬೇಡಿ. ‘ಈಗಲೇ ನೋಡುತ್ತೇನೆ’ ಎನ್ನಿ. ಕಚ್ಚಿದ ಗುರುತಿನಿಂದ ಏನೂ ಖಚಿತವಾಗುವುದಿಲ್ಲ, ನಿಜ. ಕೆಲವರಿಗೆ ಕಚ್ಚಿ ಎಷ್ಟೋ ದಿನದ ಮೇಲೆ ದದ್ದು ಏಳುತ್ತದೆ. ಆದರೆ ತಿಗಣೆಗೂ ಸ್ವಚ್ಛತೆಗೂ ಸಂಬಂಧವಿಲ್ಲ. ಅದು ಯಾರದೋ ಸೂಟ್‌ಕೇಸಿನಲ್ಲಿ ಬರುತ್ತದೆ. ಇದರಲ್ಲಿ ನಿಮಗೆ ಅವಮಾನವೇನೂ ಇಲ್ಲ.

ಟಾರ್ಚ್ ಹಿಡಿದು ಹಾಸಿಗೆಯ ಹೊಲಿಗೆ, ಮಂಚದ ಸಂದು, ತಲೆಯ ಕಡೆಯ ಹಲಗೆಯ ಹಿಂಭಾಗ ನೋಡಿ. ಕಪ್ಪು ಚುಕ್ಕೆ, ಕಳಚಿದ ಪೊರೆ ಇದ್ದರೆ ತಿಗಣೆ ಇದೆ. ಆಗ ಬಟ್ಟೆಗಳನ್ನು ಆ ಕೋಣೆಯಲ್ಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಬೇರೆ ಕೋಣೆಗೆ ಸುಮ್ನೆ ಎತ್ತಿಕೊಂಡು ಹೋದರೆ ಅಲ್ಲಿಗೂ ಹರಡುತ್ತದೆ. 60 ಡಿಗ್ರಿಯಲ್ಲಿ ಒಗೆದು, ಡ್ರೈಯರ್ ಇದ್ದರೆ ಪೂರ್ತಿ ಬಿಸಿಯಲ್ಲಿ ಅರ್ಧ ಗಂಟೆ ಒಣಗಿಸಿ. ಉಳಿದದ್ದನ್ನು ಕೀಟ ನಿಯಂತ್ರಣದವರಿಗೆ ಬಿಡಿ. ಮೊಟ್ಟೆಗಳು ಆಮೇಲೆ ಒಡೆಯುವುದರಿಂದ ಅವರು ಎರಡನೇ ಸಲವೂ ಬರಬೇಕು. ಕೋಣೆ ಮುಚ್ಚಿಟ್ಟು ಕಾಯುವುದು ಪ್ರಯೋಜನವಿಲ್ಲ. ತಿಗಣೆ ರಕ್ತ ಇಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ.

ಪ್ರಶ್ನೆ: ಒಬ್ಬರು 11ಕ್ಕೆ ಹೋಗುತ್ತಾರೆ, ಇನ್ನೊಬ್ಬರು 1ಕ್ಕೆ ಬರುತ್ತಾರೆ. ಕ್ಲೀನ್ ಮಾಡುವವರು ಏನಾದರೂ ಬಿಟ್ಟೇ ಬಿಡುತ್ತಾರೆ.

ಉತ್ತರ: ತಪ್ಪು ಅವರದ್ದಲ್ಲ, ಸಮಯದ್ದು. ನಾನೂ ಒಂದು ಕಾಲದಲ್ಲಿ ಎರಡು ಗಂಟೆ ಸಾಕೆಂದು ಬರೆದುಕೊಟ್ಟಿದ್ದೆ. ಒಂದು ದಿನ ಕೆಲಸದವರು ಬರಲಿಲ್ಲ, ನಾನೇ ಮಾಡಿದೆ. ನಾಲ್ಕು ಗಂಟೆ ಹಿಡಿಯಿತು, ಸೊಂಟ ನೋವು ಬೇರೆ. ಮರುದಿನವೇ ಅತಿಥಿಗಳು ಬರುವ ಹೊತ್ತನ್ನು ಮುಂದಕ್ಕೆ ಹಾಕಿದೆ. ನೀವೂ ಒಮ್ಮೆ ಪೂರ್ತಿ ಕೆಲಸ ಸ್ವತಃ ಮಾಡಿ, ಗಡಿಯಾರ ನೋಡಿ.

ಬಂದ ಕೂಡಲೇ ಶೀಟುಗಳನ್ನು ತೆಗೆದು ಮೆಷಿನ್‌ಗೆ ಹಾಕಿ, ಟಾಯ್ಲೆಟ್‌ಗೆ ಕ್ಲೀನರ್ ಸುರಿದು ಬಂದರೆ ಉಳಿದ ಕೆಲಸದ ಹೊತ್ತಿಗೆ ಅವು ನೆನೆದಿರುತ್ತವೆ. ಧೂಳು ಮೇಲಿನಿಂದ ಕೆಳಗೆ, ನೆಲ ಕೊನೆಗೆ. ಬ್ಲೀಚ್ ಮತ್ತು ಆಸಿಡ್ ಇರುವ ಟಾಯ್ಲೆಟ್ ಕ್ಲೀನರನ್ನು ಎಂದೂ ಬೆರೆಸಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಅವಸರದಲ್ಲಿ ಈ ತಪ್ಪು ಆಗಿಬಿಡುತ್ತದೆ, ಅದಕ್ಕೇ ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿಡಿ. ಸೋರುವ ನಲ್ಲಿ, ಸಡಿಲ ಹಿಡಿ, ಹೋದ ಬಲ್ಬು ಮೊದಲು ಕಾಣುವುದು ಕ್ಲೀನ್ ಮಾಡುವವರಿಗೇ. ಪ್ರತಿ ಸಲ ಹೊರಡುವಾಗ ಅದನ್ನು ನಿಮಗೆ ಫೋನಿನಲ್ಲಿ ಹೇಳಲಿ. ಆ ಹತ್ತು ನಿಮಿಷಕ್ಕೂ ಸಂಬಳ ಕೊಡಿ.