ಅಳಿಸಿಹೋದ ಎರಡು ಸಾಲು

(ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ.)

ಮಲೆನಾಡಿನ ನಿವೃತ್ತ ಟೀಚರ್ ಒಬ್ಬರು, ವಯಸ್ಸು 63, ಅಕ್ಕನ ಮಗನ ಜೊತೆ ಸಲಹೆ ಕೇಳಲು ನನ್ನ ಬಳಿ ಬಂದಿದ್ದರು. ಹುಡುಗ ಕನ್ನಡ ವಿಕಿಪೀಡಿಯದಲ್ಲಿ ಬರೆಯುತ್ತಾನೆ. "ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಮಾವಿನ ಬಗ್ಗೆ ಚಿಕ್ಕಮ್ಮನಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಒಂದು ವರ್ಷದಿಂದ ಬರೀರಿ ಬರೀರಿ ಅಂತಿದ್ದೇನೆ. ಒಂದು ಸಾಲೂ ಬರೆದಿಲ್ಲ" ಎಂದ. ಇದೇ ಕಾರಣಕ್ಕೆ ಇಬ್ಬರ ನಡುವೆ ಮಾತು ಕಡಿಮೆಯಾಗಿತ್ತು. ಮನೆಗೆ ಬಂದರೂ ಟೀ ಕುಡಿದು ಹೊರಟುಬಿಡುತ್ತಿದ್ದನಂತೆ.

ಅವನನ್ನು ಹೊರಗೆ ಕೂರಿಸಿ ಅವರೊಬ್ಬರ ಜೊತೆ ಮಾತಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಬರೆದಿದ್ದೆ. ಅವನಿಗೆ ಹೇಳಿಲ್ಲ" ಎಂದರು. ಒಂದು ರಾತ್ರಿ ಫೋನಿನಲ್ಲೇ ಎರಡು ಸಾಲು ಸೇರಿಸಿದ್ದಾರೆ. ಬೆಳಿಗ್ಗೆ ನೋಡಿದರೆ ಇಲ್ಲ. 'ಆಧಾರವಿಲ್ಲ' ಎಂದು ಯಾರೋ ತೆಗೆದಿದ್ದರು. "ಮಕ್ಕಳ ನೋಟ್ಸಿಗೆ ಇಷ್ಟು ವರ್ಷ ಕೆಂಪು ಶಾಯಿ ಹಾಕಿದವಳು ನಾನು. ಈ ವಯಸ್ಸಲ್ಲಿ ನನ್ನ ಬರಹಕ್ಕೇ ಯಾರೋ ಗೀಟು ಹಾಕಿದರೆ ಹೇಗಾಗುತ್ತೆ ಹೇಳಿ?"

ಇದು ಸೋಮಾರಿತನ ಅಲ್ಲ, ಅವಮಾನ. ಹಿಂಜರಿಯುವವರಲ್ಲಿ ಇದನ್ನು ನಾನು ಜಾಸ್ತಿ ನೋಡಿದ್ದೇನೆ. ಅವರಿಗೆ ಹುರಿದುಂಬಿಸುವ ಮಾತು ಹೇಳಿದಷ್ಟೂ ಭಾರವಾಗುತ್ತದೆ.

"ಮೇಡಂ, ಅಲ್ಲಿ 'ನಾನೇ ಕಂಡಿದ್ದೇನೆ' ಅಂದರೆ ಸಾಲದು. ಪ್ರಕಟವಾದ ಆಧಾರ ಕೊಡಬೇಕು. ಯಾರೇ ಬರೆದರೂ ಅದೇ ನಿಯಮ. ನಿಮ್ಮ ತಿಳುವಳಿಕೆ ತಪ್ಪು ಅಂತ ಯಾರೂ ಹೇಳಿಲ್ಲ" ಎಂದೆ. ಅವರ ಫೋನಿನಲ್ಲೇ ಆ ಪುಟದ 'ಇತಿಹಾಸ' ತೆರೆದೆವು. ತೆಗೆದ ಸಾಲುಗಳು ಅಲ್ಲಿ ಹಾಗೇ ಇದ್ದವು. ಕನ್ನಡಕ ಹಾಕಿಕೊಂಡು ಮೆಲ್ಲಗೆ ಓದಿದರು: "ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯಬೇಕು. ನೆಲಕ್ಕೆ ಬಿದ್ದ ಮಿಡಿ ಉಪ್ಪಿನಲ್ಲಿ ಬಾಳುವುದಿಲ್ಲ." ಎಷ್ಟು ಚೆಂದದ ಕನ್ನಡ, ಅಲ್ವಾ?

ಹೊಸ ಲೇಖನದ ಮಾತು ಸದ್ಯಕ್ಕೆ ಬೇಡ ಎಂದೆ. ದಿನಕ್ಕೆ ಹತ್ತು ನಿಮಿಷ, ಬೇರೆಯವರ ಪುಟಗಳಲ್ಲಿ ಕಾಗುಣಿತದ ತಪ್ಪು ತಿದ್ದಿ, ಅಷ್ಟೇ ಸಾಕು. ಕೆಂಪು ಶಾಯಿ ಅವರ ಕೈಗೆ ಮತ್ತೆ ಬರಲಿ ಎನ್ನುವುದು ನನ್ನ ಆಸೆ. ಸ್ವಂತ ಹೆಸರು ಹಾಕಲೇಬೇಕೆಂದಿಲ್ಲ, ಯಾವುದಾದರೂ ಅಡ್ಡಹೆಸರಲ್ಲಿ ಖಾತೆ ತೆರೆದರಾಯಿತು ಎಂದೂ ಹೇಳಿದೆ.

ಹುಡುಗನಿಗೆ ಹೇಳಿದ್ದು ಬೇರೆ. 'ಬರೀರಿ' ಅನ್ನುವುದನ್ನು ಪೂರ್ತಿ ನಿಲ್ಲಿಸು. ಅದರ ಬದಲು ಒಂದೇ ಪ್ರಶ್ನೆ ಕೇಳು, ಉತ್ತರ ಒಂದು ಸಾಲಲ್ಲಿ ಮುಗಿಯುವಂತಿರಲಿ. ಆಧಾರ ಹುಡುಕುವ ಕೆಲಸ ನಿನ್ನದು. ಅವರು ಟೈಪ್ ಮಾಡುವಾಗ ಪಕ್ಕದಲ್ಲಿ ನಿಂತು ಇಣುಕಬೇಡ.

ಮೂರು ವಾರ ಬಿಟ್ಟು ಇಬ್ಬರೂ ಬಂದರು. ಅವರ ಅಟ್ಟದಲ್ಲಿದ್ದ ಹಳೆಯ ಕೃಷಿ ಪತ್ರಿಕೆಗಳ ಕಟ್ಟಿನಲ್ಲಿ ಹುಡುಗನಿಗೆ ಮಿಡಿ ಕೊಯ್ಲಿನ ಲೇಖನ ಸಿಕ್ಕಿತ್ತು. ಆಧಾರ ಸೇರಿಸಿ ಎರಡೂ ಸಾಲನ್ನು ಟೀಚರೇ ವಾಪಸ್ ಹಾಕಿ, ಸೊನೆಯ ಬಗ್ಗೆ ಇನ್ನೊಂದು ಸಾಲನ್ನೂ ಬರೆದಿದ್ದರು. ಈ ಸಲ ಯಾರೋ 'ಸೊನೆ' ಎಂಬ ಪದವನ್ನು 'ರಸ' ಎಂದು ತಿದ್ದಿದ್ದರಂತೆ. ಚರ್ಚೆ ಪುಟದಲ್ಲಿ ತಾವು ಬರೆದಿದ್ದನ್ನು ನನಗೆ ತೋರಿಸಿದರು: "ಸೊನೆ ಎಂದರೆ ತೊಟ್ಟು ಮುರಿದಾಗ ಒಸರುವ ಅಂಟು. ರಸ ಅಲ್ಲ. ದಯವಿಟ್ಟು ಸರಿಪಡಿಸಿ."